ಉಳಿಸಿಟ್ಟ ಮೂರು ಸುರುಳಿ

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಬರೆಯುವ ಯೋಗ್ಯತೆ ನನಗಿಲ್ಲ ಎಂದೇ ಇಟ್ಟುಕೊಳ್ಳಿ. ಅವರು ತೀರಿಕೊಂಡದ್ದು ನನಗೆ ತಿಳಿದದ್ದೂ ಉತ್ತರಕ್ರಿಯೆಯ ಬೊಜ್ಜ ಮುಗಿದು ವಾರವಾದ ಮೇಲೆ, ಪುತ್ತೂರಿನ ಬಸ್ ನಿಲ್ದಾಣದಲ್ಲಿ ಯಾರೋ ಯಾರಿಗೋ ಹೇಳುತ್ತಿದ್ದ ಮಾತಿನಿಂದ. ಸುಳ್ಯದ ಮದುವೆ ಫೋಟೋದವರು ಹೋದರಂತೆ, ಪಾಪ ಒಳ್ಳೆ ಜನ, ಎಂದರು. ಅಷ್ಟೇ. ಮೂವತ್ತು ವರ್ಷ ಮಂಟಪದ ಮುಂದೆ ನಿಂತು, ಗಂಡು ಹೆಣ್ಣಿಗೆ ಒಮ್ಮೆಯೂ “ಸ್ವಲ್ಪ ನಗಿ” ಎಂದು ಹೇಳದೆ, ಅವರಾಗಿಯೇ ನಗುವವರೆಗೆ ಕಾದು ಫೋಟೋ ತೆಗೆದ ಮನುಷ್ಯ. ಊರಿಗೆ ಅವರು ಇಷ್ಟೇ. ನನಗೆ ಗೊತ್ತಿದ್ದ ಅವರು ಬೇರೆಯೇ ಮನುಷ್ಯ. ಆ ಮನುಷ್ಯನನ್ನು ಇಲ್ಲವಾಗಿಸಿದವನು ನಾನು. ಈ ಮಾತನ್ನು ಇಷ್ಟು ವರ್ಷ ಹೆಂಡತಿಗೂ ಹೇಳಿಲ್ಲ. ಈಗಲೂ ಹೇಳದಿದ್ದರೆ ನನ್ನ ಬೊಜ್ಜದ ಊಟದಲ್ಲಿ ಯಾರಾದರೂ ನನ್ನನ್ನೂ ಒಳ್ಳೆ ಜನ ಎಂದುಬಿಡುತ್ತಾರೆ ಎನ್ನುವ ಹೆದರಿಕೆಯಿಂದ ಬರೆಯುತ್ತಿದ್ದೇನೆ.

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಮೆಟ್ರಿಕ್ ಪಾಸಾಗಿ, ಸರಿಯಾದ ಕೆಲಸ ಸಿಗದೆ, ಪುತ್ತೂರಿನಲ್ಲಿ ಒಂದು ಅಂಗಡಿಯ ಜಗಲಿಯ ಮೇಲೆ ಟೈಪ್ ಮಿಷನ್ ಇಟ್ಟುಕೊಂಡು ಊರವರಿಗೆ ಅರ್ಜಿ, ಇಂಗ್ಲಿಷ್ ಕಾಗದ ಬರೆದುಕೊಡುತ್ತಿದ್ದೆ. ಒಂದು ದಿನ ಬಲಗಣ್ಣು ಮುಚ್ಚಿಕೊಂಡ ಒಬ್ಬರು ಬಂದು ಎದುರು ಕೂತರು. ಊರಲ್ಲೆಲ್ಲ ಕೆಂಗಣ್ಣು ಹರಡಿದ್ದ ಸಮಯ. ನಾನು ಮೆಲ್ಲ ಕುರ್ಚಿಯನ್ನು ಹಿಂದಕ್ಕೆ ಎಳೆದೆ. ಅವರಿಗೆ ನಗು ಬಂತು.

“ಹೆದರಬೇಡ ಮಾರಾಯ. ನೋವು ಗೀವು ಎಂತ ಇಲ್ಲ. ಇದು ಕೆಲಸದ ಕಣ್ಣು. ಕೆಲಸ ಇಲ್ಲದಾಗ ಅದಕ್ಕೆ ರಜೆ ಕೊಡುದು.”

ಹುಚ್ಚು ಎಂದುಕೊಂಡೆ. ಆಮೇಲೆ ನೋಡಿದರೆ ನಿಜವಾಗಿಯೂ ಹಾಗೆಯೇ. ಉಣ್ಣುವಾಗ, ಬಸ್ಸಿನಲ್ಲಿ ಕೂತಾಗ, ಗುಡ್ಡ ಹತ್ತುವಾಗ ಕೂಡ ಆ ಕಣ್ಣು ಮುಚ್ಚಿಯೇ ಇರುತ್ತಿತ್ತು. ಬಸ್ಸಿನಲ್ಲಿ ಅವರ ಪಕ್ಕದ ಸೀಟು ಯಾವಾಗಲೂ ಖಾಲಿ. ಅದರ ಮೇಲೆ ಕ್ಯಾಮೆರಾ ಪೆಟ್ಟಿಗೆ ಆರಾಮವಾಗಿ ಕೂತು ಬರುತ್ತಿತ್ತು.

ಅವರು ಕಲ್ಲುಗುಂಡಿ ಕಡೆಯ ಒಂದು ಗೌಡರ ಮನೆಯ ಹಿರಿಯ ಮಗ. ಮನೆಯಲ್ಲಿ ಅರೆಭಾಷೆ, ಪೇಟೆಯಲ್ಲಿ ತುಳು, ನನ್ನ ಹತ್ತಿರ ಕನ್ನಡ. ಮದ್ರಾಸಿನ ಸಿನಿಮಾ ಸ್ಟುಡಿಯೋದಲ್ಲಿ ಹತ್ತು ವರ್ಷ ಕ್ಯಾಮೆರಾ ಹಿಡಿದದ್ದರಿಂದ ಬೈಯಲಿಕ್ಕೆ ಮಾತ್ರ ತಮಿಳು. ಆ ಹತ್ತು ವರ್ಷವನ್ನು ನೆನೆದರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ಬಟ್ಟೆಯ ಮೇಲೆ ಬಣ್ಣ ಹಚ್ಚಿದ ಕಾಡು, ಹೊಟ್ಟೆಗೆ ಬೈಹುಲ್ಲು ತುಂಬಿದ ಹುಲಿ, ಅದರ ಎದುರು ಹೀರೋ ಕುಣಿಯುವುದು, ಇವರು ತೆಗೆಯುವುದು. ತಾನು ಹುಟ್ಟಿದ್ದೇ ನಿಜವಾದ ಕಾಡಿನ ಬಾಯಲ್ಲಿ, ಅದನ್ನು ಬಿಟ್ಟು ಬಂದು ಬಟ್ಟೆಯ ಕಾಡು ತೆಗೆಯುತ್ತಿದ್ದೇನಲ್ಲ ಎಂದು ಒಂದು ದಿನ ಕೆಲಸ ಬಿಟ್ಟು, ಚಾವಿ ಕೊಟ್ಟು ಓಡಿಸುವ ಹಳೆಯದೊಂದು ಕ್ಯಾಮೆರಾ ಹೊತ್ತು ಊರಿಗೆ ಬಂದಿದ್ದರು.

ನನ್ನ ಹತ್ತಿರ ಓದಿಸಲಿಕ್ಕೆ ತಂದದ್ದು ಒಂದು ಹೊರದೇಶದ ಕಂಪನಿಯ ಕಾಗದ. ಇವರ ಕಾಡಿನ ಚಿತ್ರ ಬೇಕೋ ಎಂದು ಕೇಳಿದ್ದಕ್ಕೆ ಉತ್ತರ. ಆನೆ, ಕಾಟಿ, ಸಿಂಗಳೀಕದ ಚಿತ್ರ ಎಲ್ಲ ನಮ್ಮಲ್ಲಿ ಬೇಕಾದಷ್ಟಿದೆ. ಮಂಗಟ್ಟೆ ಹಕ್ಕಿಯ ಹೆಣ್ಣು ಗೂಡಿನ ಗೋಡೆ ಒಡೆದು ಹೊರಗೆ ಬರುವುದು ಮಾತ್ರ ಇಲ್ಲ. ಅದನ್ನು ತೆಗೆದುಕೊಟ್ಟರೆ ಇಡೀ ಚಿತ್ರ ಕೊಳ್ಳುತ್ತೇವೆ, ಇಲ್ಲದಿದ್ದರೆ ಯಾವುದೂ ಬೇಡ, ಎಂದು ಬರೆದಿತ್ತು. ಓದಿ ಹೇಳಿದೆ. ಅವರು ಕೆಲಸದ ಕಣ್ಣು ತೆರೆದು ಕಾಗದವನ್ನು ಒಮ್ಮೆ ನೋಡಿದರು, ಪುನಃ ಮುಚ್ಚಿದರು.

ಮಂಗಟ್ಟೆಯ ಸಂಸಾರ ಗೊತ್ತಿಲ್ಲದವರಿಗೆ ಎರಡು ಮಾತು. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ದೊಡ್ಡ ಮರದ ಪೊಟರೆಯೊಳಗೆ ಹೋಗಿ, ತನ್ನ ಹಿಕ್ಕೆಯಿಂದಲೇ ಬಾಗಿಲಿಗೆ ಗೋಡೆ ಕಟ್ಟಿಕೊಳ್ಳುತ್ತದೆ. ಒಂದು ಕೊಕ್ಕು ಹಿಡಿಸುವಷ್ಟು ಸೀಳು ಮಾತ್ರ ಬಿಡುತ್ತದೆ. ಮೂರು ತಿಂಗಳಿಗೂ ಹೆಚ್ಚು ಒಳಗೇ ಇರುತ್ತದೆ. ಗರಿಗಳೂ ಉದುರಿ ಹಾರಲಾರದ ಸ್ಥಿತಿ. ಗಂಡು ದಿನವಿಡೀ ಹಣ್ಣು ತಂದು, ಗಂಟಲಿನಿಂದ ಒಂದೊಂದೇ ತೆಗೆದು, ಆ ಸೀಳಿನಲ್ಲಿ ಕೊಡುತ್ತದೆ. ಗಂಡು ಬಾರದಿದ್ದರೆ ಒಳಗಿದ್ದವರಿಗೆ ಅನ್ನ ಇಲ್ಲ. ಮರಿ ಬೆಳೆದ ಮೇಲೆ ಒಂದು ದಿನ ಹೆಣ್ಣು ಗೋಡೆ ಒಡೆದು ಬೆಳಕಿಗೆ ಬರುತ್ತದೆ. ಯಾವ ದಿನ ಎಂದು ಅದಕ್ಕೇ ಗೊತ್ತು.

ಹಿಂದಿನ ವರ್ಷ ಅವರು ಆ ದಿನವನ್ನು ಕಳೆದುಕೊಂಡಿದ್ದರು. ತಂಗಿಯ ಮದುವೆಗೆ ಎಂದು ಊರಿಗೆ ಹೋಗಿ ಬಂದಾಗ ಗೋಡೆ ಒಡೆದಿತ್ತು. ಮರ ಹತ್ತಿ ಪೊಟರೆಗೆ ಕೈ ಹಾಕಿ ನೋಡಿದರಂತೆ, ಒಳಗೆ ಇನ್ನೂ ಬೆಚ್ಚಗಿತ್ತಂತೆ. “ಒಂದೇ ದಿನ ಮಾರಾಯ, ಒಂದೇ ದಿನ,” ಎಂದು ಬೆರಳೆತ್ತಿ ತೋರಿಸುತ್ತಿದ್ದರು. ನಾನು ಅವರ ಜೊತೆ ಕಾಡಿಗೆ ಹೊರಟದ್ದು ಆ ಒಂದು ಬೆರಳಿಗೆ ಮನಸ್ಸು ಕರಗಿ.

ಡಿಸೆಂಬರಿನಲ್ಲಿ ಸಂಪಾಜೆ ಘಟ್ಟದ ಬುಡದಿಂದ ಹೊರಟೆವು. ಅವರು, ನಾನು, ಮತ್ತೆ ದೂಮಣ್ಣ. ದೂಮಣ್ಣ ಕಾಡು ಬಲ್ಲವನು. ದಾರಿ ಕಡಿಯುವುದು, ಮರ ಹತ್ತುವುದು, ಗಂಜಿ ಬೇಯಿಸುವುದು ಎಲ್ಲ ಅವನದ್ದೇ. ನನ್ನದು ದಿನಚರಿ ಬರೆಯುವ ಕೆಲಸ: ಎಲ್ಲಿ, ಯಾವಾಗ, ಯಾವ ಪ್ರಾಣಿ, ಎಷ್ಟು ಫಿಲ್ಮು. ಘಟ್ಟದ ಬುಡ ಹಿಡಿದು ಬಡಗು ದಿಕ್ಕಿಗೆ ನಡೆಯುತ್ತಾ, ನಿಂತಲ್ಲಿ ವಾರಗಟ್ಟಲೆ ನಿಲ್ಲುತ್ತಾ, ಕಡಬದ ಮೇಲಿನ ಕಾಡು ಮುಟ್ಟುವಾಗ ಎರಡು ತಿಂಗಳು ಕಳೆದಿತ್ತು.

ಫಿಲ್ಮಿನ ವಿಷಯದಲ್ಲಿ ಅವರಂತಹ ಜುಗ್ಗರನ್ನು ನಾನು ಕಂಡಿಲ್ಲ. ಒಂದು ಸುರುಳಿ ಮೂರು ನಿಮಿಷಕ್ಕೆ ಮುಗಿಯುತ್ತಿತ್ತು. ಕುಮಾರಧಾರೆಯಲ್ಲಿ ಒಂದು ಸಂಜೆ ಆನೆಗಳು ಇಳಿದವು, ನಮ್ಮಿಂದ ಐವತ್ತು ಮಾರು ದೂರ. ಇವರು ಕ್ಯಾಮೆರಾದ ಮೇಲೆ ಕೈಯಿಟ್ಟು ಸುಮ್ಮನೆ ಕೂತರು. ಆನೆಗಳು ನೀರು ಕುಡಿದು, ಮಿಂದು, ಹತ್ತಿ ಹೋದವು. ಯಾಕೆ ತೆಗೆಯಲಿಲ್ಲ ಎಂದರೆ ಮರಿ ತಾಯಿಯ ಆಚೆ ಬದಿಗೆ ಇತ್ತಂತೆ. ಮರಿ ಕಾಣದಿದ್ದರೆ ಆ ತಾಯಿ ಯಾಕೆ ಹಾಗೆ ನಿಂತಿದ್ದಾಳೆ ಎಂದು ನೋಡುವವರಿಗೆ ಹೇಗೆ ಗೊತ್ತಾಗುವುದು ಎಂದು ನನ್ನನ್ನೇ ಗದರಿಸಿದರು. ನಾನು ದಿನಚರಿಯಲ್ಲಿ “ಆನೆ ಹನ್ನೊಂದು, ಫಿಲ್ಮು ಸೊನ್ನೆ” ಎಂದು ಬರೆದೆ.

ಬೆಳಗಾದರೆ ಖಾಲಿ ಕ್ಯಾಮೆರಾಕ್ಕೆ ಚಾವಿ ಕೊಟ್ಟು ಅಭ್ಯಾಸ. ಗುಡಾರದ ಬಾಗಿಲು ಸರಿಸಿ ದೂಮಣ್ಣ ಹೊರಗೆ ಬರಬೇಕು, ಇವರು ತೆಗೆಯುವ ಹಾಗೆ ಮಾಡಬೇಕು. “ಬೇಗ ಬಂದೆ ದೂಮಣ್ಣ, ಪುನಃ ಒಳಗೆ ಹೋಗು.” ದೂಮಣ್ಣ ಪಾಪ ಹತ್ತು ಸಲ ಒಳಗೆ ಹೋಗಿ ಹತ್ತು ಸಲ ಹೊರಗೆ ಬರುತ್ತಿದ್ದ. ನಾವು ನಗುತ್ತಿದ್ದೆವು. ಅವರು ನಗುತ್ತಿರಲಿಲ್ಲ. ಹೊರಗೆ ಬರುವ ಆ ಗಳಿಗೆ ಅವರ ಕೈಗೆ ಕಂಠಪಾಠ ಆಗಬೇಕಿತ್ತು. ಅದಕ್ಕೆಂದೇ ಮೂರು ಸುರುಳಿಗಳನ್ನು ಬೇರೆಯಾಗಿ, ಒಂದು ಬೈರಾಸಿನ ಬಟ್ಟೆಯಲ್ಲಿ ಸುತ್ತಿ, ತಲೆಯ ಬುಡದಲ್ಲಿ ಇಟ್ಟುಕೊಂಡು ಮಲಗುತ್ತಿದ್ದರು.

ಗೂಡು ಸಿಕ್ಕಿದ್ದು ಫೆಬ್ರವರಿಯಲ್ಲಿ, ಮೂರು ಜನ ಕೈ ಹಿಡಿದರೂ ತಬ್ಬಲಾಗದ ಒಂದು ಧೂಪದ ಮರದಲ್ಲಿ. ಪೊಟರೆ ಬಹಳ ಮೇಲೆ. ದೂಮಣ್ಣ ನಲವತ್ತು ಹೆಜ್ಜೆ ಆಚೆಯ ಇನ್ನೊಂದು ಮರದಲ್ಲಿ ಅಟ್ಟ ಕಟ್ಟಿದ. ಅವರು ಅಟ್ಟದ ಮೇಲೆ. ನನ್ನನ್ನು ಕೂರಿಸಿದ್ದು ಗೂಡಿನ ಮರದ ಬುಡದಲ್ಲಿಯೇ, ಹಕ್ಕಿಗೆ ಕಾಣದ ಹಿಂಬದಿಯಲ್ಲಿ. ಕಾಂಡಕ್ಕೆ ಕಿವಿಯಿಟ್ಟು ಕೇಳಬೇಕು. ಒಳಗಿನಿಂದ ಗೋಡೆ ಕುಟ್ಟುವ ಸದ್ದು ಬಂದರೆ ಒಂದು ಹಗ್ಗ ಎಳೆಯಬೇಕು. ಅದರ ಇನ್ನೊಂದು ತುದಿ ಅಟ್ಟದಲ್ಲಿ ಅವರ ಕಾಲಿನ ಹೆಬ್ಬೆರಳಿಗೆ ಕಟ್ಟಿತ್ತು.

ಎರಡು ತಿಂಗಳು ಹಾಗೆ ಕೂತೆ. ಮಾತಾಡುವಂತಿಲ್ಲ, ಬೀಡಿ ಸೇದುವಂತಿಲ್ಲ, ಕೆಮ್ಮುವಂತಿಲ್ಲ. ನನಗಿದ್ದ ಒಂದೇ ಸುಖ ಎಲೆಯಡಿಕೆ. ಎಲೆ ಒರೆಸುವುದು, ಸುಣ್ಣ ಹಚ್ಚುವುದು, ಅಡಿಕೆ, ಚೂರು ಹೊಗೆಸೊಪ್ಪು, ಮಡಚಿ ಬಾಯಿಗೆ. ಹೀಗೆ ದಿನಕ್ಕೆ ಹತ್ತು ಹನ್ನೆರಡು ಸಲ.

ಆ ವರ್ಷ ಆ ಕಾಡು ಮರ ಕಡಿಯುವ ಕಂತ್ರಾಟಿಗೆ ಹೋಗಿತ್ತು. ಮಾರ್ಚಿನಿಂದಲೇ ದೂರದಲ್ಲಿ ಕೊಡಲಿಯ ಸದ್ದು. ಬರುವ ವರ್ಷ ಇಲ್ಲಿ ಆಕಾಶ ಮಾತ್ರ ಇರುವುದು, ಆದ್ದರಿಂದ ಈ ಸಲ ಬಿಟ್ಟರೆ ಇಲ್ಲ ಎಂದು ಅವರು ದಿನಕ್ಕೆರಡು ಸಲ ಹೇಳುತ್ತಿದ್ದರು. ಮರ ಕಡಿಯುವವರ ಮೇಸ್ತ್ರಿಯನ್ನು ಹುಡುಕಿಕೊಂಡು ಹೋಗಿ ಮಾತಾಡಿಯೂ ಬಂದರು. ಗುರುತು ಹಾಕಿದ ಮರ ಬಿಟ್ಟು ಬೇರೆ ಮರ ಮುಟ್ಟುವುದಿಲ್ಲ ಎಂದಿದ್ದನಂತೆ. ನಮ್ಮ ಮರಕ್ಕೆ ಗುರುತಿರಲಿಲ್ಲ. ಅವರಿಗೆ ಸಮಾಧಾನವಾಯಿತು. ನನಗೂ ಆಯಿತು.

ಏಪ್ರಿಲ್ ಕೊನೆಗೆ ಅವರ ತಮ್ಮ ಆಳು ಕಳಿಸಿದ. ಅಪ್ಪನಿಗೆ ಕಾಯಿಲೆ ಜೋರು, ಕೂಡಲೇ ಬರಬೇಕು ಎಂದು. ಗಂಡು ಹಕ್ಕಿ ಆಗ ದಿನಕ್ಕೆ ಇಪ್ಪತ್ತು ಸಲ ಬರುತ್ತಿತ್ತು, ಒಳಗಿನಿಂದ ಮರಿಯ ದನಿ ಚೆನ್ನಾಗಿ ಕೇಳುತ್ತಿತ್ತು. ಇನ್ನು ವಾರವೋ, ನಾಲ್ಕು ದಿನವೋ. ಅವರು ಅಟ್ಟದಿಂದ ಇಳಿದು ಬಂದು, ಆಳಿನ ಮಾತು ಕೇಳಿ, ಪುನಃ ಅಟ್ಟ ಹತ್ತಿ ಕೂತರು. ಮಧ್ಯಾಹ್ನದವರೆಗೆ ಇಳಿಯಲಿಲ್ಲ. ನಾನೇ ಮೇಲೆ ಹತ್ತಿ ಹೋದೆ.

“ಅಣ್ಣ, ಅಪ್ಪ ಹೋದರೆ ಪುನಃ ಸಿಗುದಿಲ್ಲ. ನೀವು ಹೋಗಿ. ನಾನಿದ್ದೇನಲ್ಲ ಇಲ್ಲಿ.”

ಅವರು ನನ್ನ ಮುಖ ನೋಡಿದರು, ಎರಡೂ ಕಣ್ಣು ತೆರೆದು. “ಬಿಟ್ಟು ಹೋಗುದಿಲ್ಲ ಅಲ್ವಾ?”

“ಇಲ್ಲ.”

“ನೀರಿಗೂ ಹೋಗಬಾರದು. ಈಗಲೇ ತುಂಬಿಸಿಟ್ಟುಕೋ.”

ಆಯಿತು ಎಂದೆ. ಉಳಿಸಿಟ್ಟ ಮೂರರಲ್ಲಿ ಒಂದು ಸುರುಳಿಯನ್ನು ಕ್ಯಾಮೆರಾಕ್ಕೆ ಹಾಕಿ, ಗೂಡಿಗೆ ಗುರಿ ಹಿಡಿದು ನಿಲ್ಲಿಸಿ, ಎಲ್ಲಿ ಒತ್ತಬೇಕು ಎಂದು ನನ್ನ ಬೆರಳು ಹಿಡಿದು ತೋರಿಸಿದರು. ಇಬ್ಬರ ಕೆಲಸವೂ ನನ್ನದೇ ಆದ್ದರಿಂದ ಇನ್ನು ಅಟ್ಟದಲ್ಲಿಯೇ ಕೂರಲಿಕ್ಕೆ ಹೇಳಿದರು. ಆನೆ ಇರುವ ದಾರಿ, ಒಬ್ಬರೇ ನಡೆಯುವಂತಿಲ್ಲ ಎಂದು ದೂಮಣ್ಣನನ್ನು ಕರೆದುಕೊಂಡು ಹೋದರು. ಹೋಗುವಾಗ ನಾಲ್ಕು ಸಲ ತಿರುಗಿ ನೋಡಿದರು. ನನ್ನನ್ನಲ್ಲ, ಮರವನ್ನು.

ಎರಡು ದಿನ ಸರಿಯಾಗಿಯೇ ಕೂತೆ. ಎರಡನೆಯ ಸಂಜೆಗೆ ವೀಳ್ಯದೆಲೆ ಮುಗಿಯಿತು. ಮೂರನೆಯ ಬೆಳಿಗ್ಗೆ ತಲೆ ಸಿಡಿಯಲಿಕ್ಕೆ ಶುರುವಾಯಿತು. ಎಲೆ ಇಲ್ಲದೆ ಒಂದು ಹೊತ್ತು ಇರಲಾರದ ಬಾಯಿ ನನ್ನದು. ಯಾವುದೋ ಕಾಡೆಲೆ ಜಗಿದೆ, ಉಗಿದೆ. ನನ್ನೊಂದಿಗೆ ನಾನೇ ವಾದ ಮಾಡಿದೆ. ಹಕ್ಕಿ ಇವತ್ತೇ ಬರುತ್ತದೆ ಎಂದು ಬರೆದಿಟ್ಟಿದೆಯೇ? ರಸ್ತೆಯ ಗೂಡಂಗಡಿಗೆ ಹೋಗಿ ಬರಲು ಅರ್ಧ ದಿನ ಸಾಕಲ್ಲ? ನೀರಿಗೆ ಹೋಗಬಾರದು ಎಂದಿದ್ದರು, ಎಲೆಯ ಮಾತು ಎತ್ತಿರಲಿಲ್ಲ, ಎಂದು ಕೂಡ ವಾದಿಸಿದೆ ನೋಡಿ. ವಾದದಲ್ಲಿ ನಾನು ಗೆದ್ದೆ. ಅಟ್ಟದಿಂದ ಇಳಿದು ಹೋದೆ.

ತಿರುಗಿ ಬರುವಾಗ ಮಧ್ಯಾಹ್ನ ದಾಟಿತ್ತು. ಬಾಯಿ ತುಂಬ ಎಲೆಯಡಿಕೆ, ಮನಸ್ಸು ಹಗುರ. ಹಳ್ಳ ದಾಟಿ, ಕ್ಯಾಮೆರಾ ಸಾಮಾನು ಸಾಗಿಸಲಿಕ್ಕೆ ನಾವೇ ಕಡಿದ ದಾರಿಯಲ್ಲಿ ತಿರುಗಿದರೆ ಎದುರಿಗೆ ಜನ. ಎಂಟು ಹತ್ತು ಮಂದಿ. ಮರ ಮಲಗಿತ್ತು.

ಪೊಟರೆ ಇದ್ದಲ್ಲಿಗೇ ಕಾಂಡ ಬಿರಿದಿತ್ತು. ಮರಿ ಜಜ್ಜಿಹೋಗಿತ್ತು. ತಾಯಿಯ ಗರಿಗಳು ಮರ ಕಡಿದವರ ಒಲೆಯ ಪಕ್ಕದಲ್ಲಿದ್ದವು, ಪಾತ್ರೆ ಒಲೆಯ ಮೇಲಿತ್ತು. ನಾನು ಮೇಸ್ತ್ರಿಯ ಅಂಗಿ ಹಿಡಿದೆ. ಗುರುತಿಲ್ಲದ ಮರ ಯಾಕೆ ಕಡಿದೆ ಎಂದು ಕಿರುಚಿದೆ. ಅವನು ಗಡಿಯಾಚೆಯ ಮಲಯಾಳಿ, ಒಳ್ಳೆಯವನು, ಸಿಟ್ಟಾಗಲಿಲ್ಲ. ನನ್ನ ಕೈ ಹಿಡಿದು ಬೊಡ್ಡೆಯ ಹತ್ತಿರ ಕರೆದುಕೊಂಡು ಹೋದ.

“ನೋಡಿ ಮಾಷೇ, ನಿಮ್ಮ ಅಟ್ಟದ ಮರ ನಾವು ಮುಟ್ಟಲಿಲ್ಲ. ಇದಕ್ಕೆ ಗುರುತು ಉಂಟಲ್ಲ. ಬೇರೆ ಮರಕ್ಕೆಲ್ಲ ಸುಣ್ಣದ ಒಂದೊಂದು ಗೀಟು. ಇದಕ್ಕೆ ನೋಡಿ, ಎಷ್ಟು ಹಾಕಿದ್ದಾರೆ.”

ಬೊಡ್ಡೆಯಲ್ಲಿ, ಕೂತವನ ಕೈ ಎಟಕುವಷ್ಟು ಎತ್ತರದಲ್ಲಿ, ಬಿಳಿ ಗೀಟುಗಳು. ಒಂದರ ಪಕ್ಕ ಒಂದು, ಒಂದರ ಮೇಲೊಂದು, ನೂರಾರು. ಎಲೆಗೆ ಸುಣ್ಣ ಹಚ್ಚಿದ ಮೇಲೆ ಬೆರಳಲ್ಲಿ ಉಳಿದದ್ದನ್ನು ನಮ್ಮ ಕಡೆಯವರು ಎಲ್ಲಿ ಒರೆಸುತ್ತಾರೆ? ಮನೆಯಲ್ಲಾದರೆ ಕಂಬಕ್ಕೆ, ಕೋರ್ಟಿನಲ್ಲಾದರೆ ಗೋಡೆಗೆ. ಒರೆಸಿದ್ದು ಒರೆಸಿದವನಿಗೇ ಗೊತ್ತಾಗುವುದಿಲ್ಲ. ಎರಡು ತಿಂಗಳು, ದಿನಕ್ಕೆ ಹತ್ತು ಹನ್ನೆರಡು ಸಲ, ನಾನು ಆ ಮರಕ್ಕೆ ಕೊಡಲಿಯ ಗುರುತು ಹಾಕಿದ್ದೆ. ನನ್ನ ಬೆರಳಿನಲ್ಲಿ ಆಗಲೂ ಸುಣ್ಣ ಇತ್ತು. ಬಾಯಲ್ಲಿದ್ದದ್ದನ್ನು ಉಗಿದು, ಅಲ್ಲೇ ಕೂತು, ಬೆರಳನ್ನು ಮಣ್ಣಿಗೆ ಉಜ್ಜಿದೆ.

ಮರುದಿನ ಬೆಳಿಗ್ಗೆ ಅವರು ಬಂದರು. ನೋಡುವ ಮೊದಲು ಹೇಳಿಬಿಡಬೇಕೆಂದು ನಾನು ಹಳ್ಳದವರೆಗೆ ಹೋಗಿ ನಿಂತಿದ್ದೆ. ಆಚೆ ದಡದಿಂದಲೇ “ಹೊರಗೆ ಬಂತಾ?” ಎಂದು ಕೇಳಿದರು. ಅವರು ನೀರಿಗೆ ಇಳಿದು, ಅರ್ಧ ದಾಟಿ, ನಿಂತರು. ನನ್ನ ಹಿಂದೆ ಕಾಡನ್ನು ನೋಡಿದರು.

“ಬೆಳಕು ಹೆಚ್ಚಾಗಿದೆಯಲ್ಲ,” ಎಂದರು.

ಅಷ್ಟರಲ್ಲಿಯೇ ಅವರಿಗೆ ಗೊತ್ತಾಯಿತು. ಕ್ಯಾಮೆರಾದವರಿಗೆ ಮೊದಲು ಕಾಣುವುದು ಬೆಳಕು. ಅವರ ಅಪ್ಪ ಹಿಂದಿನ ದಿನವೇ ಹೋಗಿದ್ದರು. ಹಿರಿಯ ಮಗ ಕೊಳ್ಳಿ ಇಟ್ಟು, ಉಳಿದ ಕ್ರಿಯೆಯನ್ನೆಲ್ಲ ತಮ್ಮನ ಮೇಲೆ ಹೊರಿಸಿ, ನೆಂಟರ ಬಾಯಿಂದ ಬೇಕಾದ್ದು ಬೇಡದ್ದು ಎಲ್ಲ ಕೇಳಿಸಿಕೊಂಡು, ಸೂತಕದ ಮೈಯಲ್ಲಿಯೇ ನಡೆದು ಬಂದಿದ್ದರು. ಇದನ್ನು ಆಮೇಲೆ ನನಗೆ ಹೇಳಿದ್ದು ದೂಮಣ್ಣ. ಅವರು ಹೇಳಲಿಲ್ಲ.

ಬೊಡ್ಡೆಯ ಹತ್ತಿರ ಅವರು ಬಹಳ ಹೊತ್ತು ನಿಂತರು. ನಾನು ಎಲ್ಲ ಹೇಳಿದೆ. ಎಲೆ ತರಲಿಕ್ಕೆ ಹೋದದ್ದು, ಸುಣ್ಣ, ಬೆರಳು. ಏನನ್ನೂ ಮುಚ್ಚಿಡಲಿಲ್ಲ, ಅಷ್ಟು ಮಾತ್ರ ನನ್ನ ಪರವಾಗಿ ಹೇಳಿಕೊಳ್ಳಬಹುದು. ಹೊಡೆಯುತ್ತಾರೆ ಎಂದುಕೊಂಡೆ. ಹೊಡೆಯಲಿ ಎಂದು ಕಾದೆ. ಅಷ್ಟರಲ್ಲಿ ಮೇಲೆ ರೆಕ್ಕೆಯ ಸದ್ದು ಬಂತು.

ಗಂಡು ಹಕ್ಕಿ. ಗಂಟಲು ತುಂಬ ಹಣ್ಣು. ಮರ ಇದ್ದ ಜಾಗಕ್ಕೆ ನೇರ ಬಂತು. ಕೂರಲು ಕಾಲು ಚಾಚಿತು, ಕೊಂಬೆ ಇರಲಿಲ್ಲ, ರೆಕ್ಕೆ ಬಡಿದು ಮೇಲೆದ್ದಿತು. ಸುತ್ತು ಹಾಕಿ ಪುನಃ ಅಲ್ಲಿಗೇ ಬಂತು. ಪುನಃ ಕಾಲು ಚಾಚಿತು. ಹಿಂದಿನ ದಿನ ಸಂಜೆಯವರೆಗೂ ಅದು ಮಾಡಿದ್ದು ಇದನ್ನೇ, ನಾನು ನೋಡಿದ್ದೆ. ಕೊನೆಗೆ ಅಟ್ಟದ ಮರದಲ್ಲಿ ಕೂತು, ಕೊಕ್ಕಿನ ತುದಿಗೆ ಒಂದು ಹಣ್ಣು ತಂದು, ಕುತ್ತಿಗೆ ಚಾಚಿ, ಗಾಳಿಗೆ ಹಿಡಿಯಿತು. ತೆಗೆದುಕೊಳ್ಳುವವರಿಲ್ಲದೆ ಹಣ್ಣು ಕೆಳಗೆ ಬಿತ್ತು. ಇನ್ನೊಂದು ತಂದಿತು.

ಅವರು ಕ್ಯಾಮೆರಾ ಕೆಳಗಿಳಿಸಿ ತಂದು, ಬೊಡ್ಡೆಯ ಪಕ್ಕದಲ್ಲಿ ಕಾಲು ಊರಿ ನಿಲ್ಲಿಸಿ, ಮರ ಇಲ್ಲದ ಜಾಗಕ್ಕೆ ಗುರಿ ಹಿಡಿದರು. ಮೂರು ಸುರುಳಿಯನ್ನೂ ಒಂದರ ಹಿಂದೆ ಒಂದರಂತೆ ಓಡಿಸಿದರು. ಚಾವಿ ಮುಗಿದಾಗ ಚಾವಿ ಕೊಡುವುದು, ಪುನಃ ಒತ್ತುವುದು. ಜುಗ್ಗತನ ಮಾಡಲಿಲ್ಲ. ಕೊನೆಯ ಸುರುಳಿ ಮುಗಿದ ಮೇಲೂ ಅವರ ಕಣ್ಣು ಕ್ಯಾಮೆರಾದಲ್ಲಿಯೇ ಇತ್ತು. ಆಮೇಲೆ ಲೆನ್ಸಿಗೆ ಮುಚ್ಚಳ ಹಾಕಿ ನನ್ನ ಕಡೆ ತಿರುಗಿದರು.

“ನೀವು ಸಾಮಾನು ಕಟ್ಟಿ,” ಎಂದರು.

ಎಂಟು ಹತ್ತು ವರ್ಷಕ್ಕೆ ಹಿರಿಯರು, ಐದು ತಿಂಗಳು ಒಂದೇ ಪಾತ್ರೆಯ ಗಂಜಿ ಕುಡಿದವರು, ನನ್ನನ್ನು ನೀವು ಎಂದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಕಡಬದವರೆಗೆ ದಾರಿಯುದ್ದಕ್ಕೂ ಹಾಗೆಯೇ: ಜಾರುತ್ತದೆ, ನೋಡಿಕೊಂಡು ಬನ್ನಿ, ನೀರು ಕುಡಿಯಿರಿ, ನಿಮ್ಮ ಬಸ್ಸು ಬಂತು, ಹತ್ತಿ. ಬಸ್ಸಿನ ಕಿಟಕಿಯಿಂದ ಅಣ್ಣ ಎಂದು ಕರೆದೆ. ಅವರು ಮರ್ಯಾದೆಯಿಂದ ತಲೆಯಾಡಿಸಿದರು.

ಮಳೆಗಾಲದ ನಡುವೆ ಒಮ್ಮೆ ಪುತ್ತೂರಿಗೆ ಬಂದರು. ನನ್ನ ಜಗಲಿಗೇ ಬಂದು, ಕೊಡೆ ಮಡಚಿ, ಗಿರಾಕಿಗಳು ಕೂರುವ ಬೆಂಚಿನಲ್ಲಿ ಕೂತರು. ಎರಡು ಕಣ್ಣೂ ತೆರೆದಿದ್ದವು. ತೆಗೆದ ಫಿಲ್ಮನ್ನೆಲ್ಲ ಕಂಪನಿಗೆ ಕಳಿಸಿದ್ದರಂತೆ, ಅದಕ್ಕೆ ಕಾಗದ ಬಂದಿತ್ತು. ಬೇರೆ ಯಾರ ಹತ್ತಿರವಾದರೂ ಓದಿಸಬಹುದಿತ್ತು, ಯಾಕೆ ನನ್ನಲ್ಲಿಗೇ ತಂದರೋ ಇವತ್ತಿಗೂ ಗೊತ್ತಿಲ್ಲ.

ಮನಸ್ಸಿನಲ್ಲಿ ಒಮ್ಮೆ ಓದಿಕೊಂಡೆ. ಬದಲಿಸಿ ಹೇಳೋಣ ಎಂದುಕೊಂಡೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ಬದಲಿಸಲಾಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಕನ್ನಡದಲ್ಲಿ ಹೇಳಿದೆ: ಕಾಡಿನ ದೃಶ್ಯಗಳು ಚೆನ್ನಾಗಿವೆ, ಆದರೆ ನಾವು ಕೇಳಿದ್ದು ಇದರಲ್ಲಿಲ್ಲ. ಕೊನೆಯ ಮೂರು ಸುರುಳಿಗಳಲ್ಲಿ ಹಕ್ಕಿ ಹಾರಿ ಬಂದು ಸುಮ್ಮನೆ ಗಾಳಿಯಲ್ಲಿ ಸುತ್ತುತ್ತದೆ. ಗೂಡಿನ ಮರವನ್ನೇ ಚಿತ್ರದ ಹೊರಗೆ ಬಿಟ್ಟಿದ್ದೀರಿ. 'ಅನುಭವವಿದ್ದ ಕ್ಯಾಮೆರಾದವರಿಂದ ಇಂತಹ ತಪ್ಪನ್ನು ನಾವು ನಿರೀಕ್ಷಿಸಿರಲಿಲ್ಲ. ಫಿಲ್ಮನ್ನು ವಾಪಸು ಕಳಿಸುತ್ತಿದ್ದೇವೆ.'

ಎದುರಿನ ರಸ್ತೆಯಲ್ಲಿ ನೀರು ಹರಿಯುತ್ತಿತ್ತು.

“ಸರಿಯಾಗಿಯೇ ಬರೆದಿದ್ದಾರಲ್ಲ,” ಎಂದರು. “ಮರ ಇರಬೇಕಿತ್ತು.”

ನಾನು ಅತ್ತೆ. ಅಲ್ಲೇ, ಗಿರಾಕಿಗಳ ಎದುರು, ಟೈಪ್ ಮಿಷನ್ನಿನ ಮೇಲೆ ಕೈಯಿಟ್ಟುಕೊಂಡು. ಅವರು ಮುಗಿಯುವವರೆಗೆ ಕಾದರು. ಆಮೇಲೆ, ಕಂಪನಿಯವರಿಗೆ ಒಂದು ಉತ್ತರ ಬರೆಯಬೇಕು, ಬರೆದುಕೊಡಿ, ಎಂದರು. ನಡೆದದ್ದನ್ನೆಲ್ಲ ಬರೆಯುತ್ತೇನೆ, ಮರ ಬಿದ್ದದ್ದು, ಬೀಳಿಸಿದವನು ನಾನು ಎಂದು ನನ್ನ ಹೆಸರು ಹಾಕಿಯೇ ಬರೆಯುತ್ತೇನೆ ಎಂದು ಕಾಗದ ಏರಿಸಿದೆ. ಅವರು ಬೇಡವೆಂದು ಕೈಯಾಡಿಸಿದರು.

“ಅಷ್ಟು ಉದ್ದ ಬೇಡ. ತಪ್ಪಾಯಿತು, ಕ್ಷಮಿಸಬೇಕು ಅಂತ ಬರೆಯಿರಿ.”

“ಯಾರ ತಪ್ಪು ಅಂತ ಬರೆಯಲಿ ಅಣ್ಣ?”

“ಕ್ಯಾಮೆರಾದವನದ್ದು,” ಎಂದರು.

ನಾನು ಹಾಗೆಯೇ ಟೈಪು ಮಾಡಿದೆ. ಅವರು ಸಹಿ ಹಾಕಿ, ಕೊಡೆ ಬಿಚ್ಚಿ, ಮಳೆಗೆ ಇಳಿದು ಹೋದರು.